ತಾಡೋಲೆಯ ಕಟ್ಟಿನಿಂದ ಅಂಕಿತ ಹೊತ್ತ ಕಡತಕ್ಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಮಠಗಳಲ್ಲಿ, ಹಳೆಯ ವಾಡೆಗಳಲ್ಲಿ, ಮನೆಯ ದೇವರ ಜಗುಲಿಗಳ ಮೇಲೆ ಒಂದು ಕಾಲಕ್ಕೆ ಬಟ್ಟೆಯಲ್ಲಿ ಸುತ್ತಿಟ್ಟ, ವಚನಗಳನ್ನು ಬರೆದ ತಾಡೋಲೆಯ ಕಟ್ಟುಗಳಿರುತ್ತಿದ್ದವು. ಕಟ್ಟು ಬಿಚ್ಚಿದರೆ ಎರಡು ಮರದ ಹಲಗೆಗಳ ನಡುವೆ, ದಾರ ಪೋಣಿಸಿದ ಗರಿಗಳ ಮೇಲೆ, ಕಂಠದಿಂದ ಕೊರೆದು ಮಸಿ ತುಂಬಿದ ಅಕ್ಷರಗಳು ಅಂಚಿನಿಂದ ಅಂಚಿನವರೆಗೆ ಬಿಡುವಿಲ್ಲದೆ ಸಾಗುತ್ತಿದ್ದವು. ಪದ ಮತ್ತು ಪದದ ನಡುವೆ ಜಾಗವಿಲ್ಲ, ಸಾಲು ಮುರಿಯುವ ಪದ್ಧತಿಯಿಲ್ಲ, ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗಿತೆಂದು ತಿಳಿಸುವ ಗುರುತೂ ಹಲವು ಕಡೆ ಇಲ್ಲ. ಓದುವವನ ನಾಲಗೆ ಮತ್ತು ನೆನಪು ಇವೆರಡೇ ಆ ಬರಹವನ್ನು ಬಿಡಿಸುತ್ತಿದ್ದವು.

ಅದೇ ವಚನಗಳು ಈಗ ಗಣಕದ ಪರದೆಯ ಮೇಲಿವೆ. ವಚನಕಾರ್ತಿ ನೀಲಾಂಬಿಕೆಯ ವಚನಗಳಷ್ಟೇ ಬೇಕೆಂದು ಒಬ್ಬ ಓದುಗ, ‘ಕಾಯಕ’ ಎಂಬ ಪದವಿರುವ ವಚನಗಳಷ್ಟೇ ಬೇಕೆಂದು ಇನ್ನೊಬ್ಬ ಕೇಳಿದರೆ, ಕ್ಷಣಮಾತ್ರದಲ್ಲಿ ಆಯಾ ಬೇಡಿಕೆಗೆ ತಕ್ಕ ಕಡತ ಅವರ ಮುಂದೆ ಬರಬಲ್ಲದು. ಆ ಕಡತವನ್ನು ಯಾರೂ ಮೊದಲೇ ಸಿದ್ಧಪಡಿಸಿ ಇಟ್ಟಿರುವುದಿಲ್ಲ. ಕೇಳಿದ ಗಳಿಗೆಯಲ್ಲಿಯೇ ಒಂದು ಪುಟ್ಟ ಕ್ರಮವಿಧಿ (ಪ್ರೋಗ್ರಾಮ್) ಅದನ್ನು ಕಟ್ಟಿ ಕೊಡುತ್ತದೆ. ಹೀಗೆ ಕಟ್ಟಲಾಗುವ ಕಡತಗಳಲ್ಲಿ ಬಹುಮುಖ್ಯವಾದುದು ‘ಎಕ್ಸ್‌ಎಂಎಲ್’ ಎಂಬ ಬಗೆ. ಹೆಸರನ್ನು ಹಲವರು ಕೇಳಿದ್ದರೂ ಅದರ ಒಳಗನ್ನು ಕಂಡವರು ಕಡಿಮೆ. ವಚನಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ ಅದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ, ಅದು ಬೇಡುವ ಎಚ್ಚರವೂ ಮನದಟ್ಟಾಗುತ್ತದೆ.

ಗುರುತು ಹಚ್ಚುವ ಭಾಷೆ

ಎಕ್ಸ್‌ಎಂಎಲ್ ಎಂದರೆ ‘ಎಕ್ಸ್‌ಟೆನ್ಸಿಬಲ್ ಮಾರ್ಕಪ್ ಲ್ಯಾಂಗ್ವೇಜ್’, ಅಂದರೆ ಬೇಕಾದಂತೆ ವಿಸ್ತರಿಸಿಕೊಳ್ಳಬಹುದಾದ ಗುರುತಿನ ಭಾಷೆ. ‘ಮಾರ್ಕಪ್’ ಎಂಬ ಮಾತು ಅಚ್ಚುಕೂಟದಿಂದ ಬಂದುದು. ಹಸ್ತಪ್ರತಿಯ ಅಂಚಿನಲ್ಲಿ ಇದು ಶೀರ್ಷಿಕೆ, ಇದು ದಪ್ಪಕ್ಷರ, ಇಲ್ಲಿ ಹೊಸ ಸಾಲು ಎಂದು ಸಂಪಾದಕನು ಮೊಳೆ ಜೋಡಿಸುವವನಿಗಾಗಿ ಮಾಡುತ್ತಿದ್ದ ಗುರುತುಗಳೇ ಆ ಮಾತಿನ ಮೂಲ. ಗಣಕದಲ್ಲಿ ಈ ಗುರುತು ಅಂಚಿಗೆ ಹೋಗುವುದಿಲ್ಲ. ಬರಹದ ಒಳಗೇ, ಕೋನಾಕಾರದ ಆವರಣದಲ್ಲಿ, ಪ್ರತಿಯೊಂದು ಭಾಗದ ಹಿಂದೆ ಮುಂದೆ ನಿಲ್ಲುತ್ತದೆ. ಇದಕ್ಕೆ ‘ಟ್ಯಾಗ್’ ಎಂಬ ಹೆಸರು ರೂಢಿಯಲ್ಲಿದೆ. ಒಂದು ವಚನದ ದಾಖಲೆ ಹೀಗಿರಬಹುದು:

<ವಚನ>
  <ಕರ್ತೃ>ಮಡಿವಾಳ ಮಾಚಿದೇವ</ಕರ್ತೃ>
  <ಅಂಕಿತ>ಕಲಿದೇವರದೇವ</ಅಂಕಿತ>
  <ಊರು>ದೇವರ ಹಿಪ್ಪರಗಿ</ಊರು>
  <ಪಠ್ಯ>…</ಪಠ್ಯ>
</ವಚನ>

ಇಲ್ಲಿ ತೆರೆಯುವ ಟ್ಯಾಗು ಒಂದು ಭಾಗದ ಆರಂಭವನ್ನೂ, ಓರೆಗೆರೆಯುಳ್ಳ ಮುಚ್ಚುವ ಟ್ಯಾಗು ಅದರ ಅಂತ್ಯವನ್ನೂ ಸಾರುತ್ತವೆ. ಒಳಗೆ ತೆರೆದುದನ್ನು ಒಳಗೇ ಮುಚ್ಚಬೇಕು, ಇಡೀ ಕಡತವನ್ನು ಒಂದೇ ಒಂದು ಹೊರ ಟ್ಯಾಗು ಆವರಿಸಿರಬೇಕು ಎಂಬಂತಹ ಕೆಲವೇ ನಿಯಮಗಳನ್ನು ಪಾಲಿಸಿದರೆ ಕಡತವು ಬುಡ, ಕೊಂಬೆ, ರೆಂಬೆಗಳುಳ್ಳ ಮರದ ಆಕಾರವನ್ನು ಪಡೆಯುತ್ತದೆ. ಟ್ಯಾಗಿನ ಹೆಸರು ಇಂತಹುದೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ಬರೆಯುವವರು ತಮ್ಮ ವಿಷಯಕ್ಕೆ ತಕ್ಕ ಹೆಸರುಗಳನ್ನು ತಾವೇ ಇಟ್ಟುಕೊಳ್ಳಬಹುದು, ಮೇಲಿನಂತೆ ಕನ್ನಡದಲ್ಲಿಯೇ ಇಡಬಹುದು.

ಜಾಗತಿಕ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 1998ರ ಫೆಬ್ರುವರಿ 10ರಂದು ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿಯನ್ನು ಅಂಗೀಕರಿಸಿತು. ಅದಕ್ಕೂ ಹಿಂದೆ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿದ್ದ ಎಸ್‌ಜಿಎಂಎಲ್ ಎಂಬ ಜಟಿಲವಾದ ಭಾಷೆಯನ್ನು ಸರಳಗೊಳಿಸಿ ಇದನ್ನು ರೂಪಿಸಲಾಯಿತು. 2007ರಿಂದೀಚಿನ ವರ್ಡ್ ಕಡತಗಳು, ಇ-ಪುಸ್ತಕಗಳು, ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ಇವೆಲ್ಲವುಗಳ ಒಡಲಿನಲ್ಲಿರುವುದು ಇದೇ.

ಅಂಕಿತವೆಂಬ ಮೊದಲ ಗುರುತು

ಬರಹವು ತನ್ನ ಪರಿಚಯವನ್ನು ತಾನೇ ಹೊತ್ತು ಸಾಗಬೇಕೆಂಬ ಈ ತತ್ತ್ವ ಕನ್ನಡಕ್ಕೆ ಹೊಸತೇನಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ಸಾಮಾನ್ಯವಾಗಿ ತಮ್ಮ ಹೆಸರನ್ನು ಬರೆದುಕೊಳ್ಳದೆ, ತಮ್ಮ ಇಷ್ಟದೈವದ ಹೆಸರನ್ನು ವಚನದ ಕೊನೆಯಲ್ಲಿ ನಿಲ್ಲಿಸಿದರು. ಗರಿ ಚದುರಿದರೂ, ಕಟ್ಟು ಬದಲಾದರೂ, ಪ್ರತಿಕಾರನು ಕರ್ತೃವಿನ ಹೆಸರನ್ನು ಬಿಟ್ಟರೂ, ಆ ಅಂಕಿತವೊಂದು ಉಳಿದರೆ ವಚನ ಯಾರದೆಂದು ಹೇಳುವುದು ಸಾಧ್ಯವಾಗುತ್ತದೆ.

ಮೊದಲಲ್ಲಿ ಹೆಸರಿಸಿದ ಸೀಮೆಯ ನೆಲವೇ ಅದಕ್ಕೆ ಸಾಕ್ಷಿಯಾಗಿದೆ. ಬಸವನ ಬಾಗೇವಾಡಿಯ ಬಸವಣ್ಣನವರದು ‘ಕೂಡಲಸಂಗಮದೇವ’ ಎಂಬ ಅಂಕಿತ. ಬಹುಕಾಲ ಸಿಂದಗಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯನ್ನು ಪರಂಪರೆಯು ಮಡಿವಾಳ ಮಾಚಿದೇವರ ಊರೆಂದು ನೆನೆಯುತ್ತದೆ. ಅವರ ಅಂಕಿತ ‘ಕಲಿದೇವರದೇವ’. ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ದಡದ ತಂಗಡಗಿಯು ಬಸವಣ್ಣನವರ ಮಡದಿ ನೀಲಾಂಬಿಕೆಯ ಐಕ್ಯಸ್ಥಳವೆಂದು ಪೂಜೆಗೊಳ್ಳುತ್ತದೆ. ಆಕೆಯ ವಚನಗಳ ಅಂಕಿತ ‘ಸಂಗಯ್ಯ’.

ಈ ವಚನಗಳನ್ನು ಗರಿಗಳಿಂದ ಅಚ್ಚಿಗೆ ತಂದ ಮಹತ್ಕಾರ್ಯವೂ ಇದೇ ಜಿಲ್ಲೆಯಲ್ಲಿ ನಡೆಯಿತು. ಧಾರವಾಡದಲ್ಲಿ 1880ರಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲಿ ವೃತ್ತಿ ಕೈಗೊಂಡ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆಗಳನ್ನು ಕೂಡಿಹಾಕಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ ಅದರ ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿ ತಮ್ಮ ಗಳಿಕೆಯನ್ನೆಲ್ಲ ಅದಕ್ಕೇ ಸುರಿದರು. ಬಿಡುವಿಲ್ಲದೆ ಹರಿಯುವ ಅಕ್ಷರಗಳಲ್ಲಿ ಪದ ಬಿಡಿಸಿ, ವಚನ ಬೇರ್ಪಡಿಸಿ, ಇದು ಇಂತಹವರದೆಂದು ತೀರ್ಮಾನಿಸಿದ ಅವರ ಕೆಲಸವು ಗುರುತು ಹಚ್ಚುವ ಕೆಲಸವೇ ಆಗಿತ್ತು. ಮುಂದೆ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಜನಿಸಿದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ 1993ರಲ್ಲಿ ಪ್ರಕಟವಾಗಿ, 20 ಸಾವಿರಕ್ಕೂ ಹೆಚ್ಚು ವಚನಗಳು ಒಂದೆಡೆ ಸೇರಿದವು.

ಕೈಗೆ ಮೀರಿದ ಕೆಲಸ

ಒಂದು ವಚನಕ್ಕೆ ಟ್ಯಾಗು ಹಚ್ಚುವುದು ಎರಡು ನಿಮಿಷದ ಕೆಲಸವೆಂದು ಇಟ್ಟುಕೊಂಡರೂ 20 ಸಾವಿರ ವಚನಗಳಿಗೆ 40 ಸಾವಿರ ನಿಮಿಷ, ಅಂದರೆ ದಿನಕ್ಕೆ ಎಂಟು ತಾಸಿನಂತೆ 80ಕ್ಕೂ ಹೆಚ್ಚು ದಿನಗಳು ಬೇಕು. ಅಷ್ಟು ದುಡಿದ ಮೇಲೆಯೂ ಎಲ್ಲೋ ಒಂದು ಮುಚ್ಚುವ ಟ್ಯಾಗು ಬಿಟ್ಟುಹೋದರೆ ಎಕ್ಸ್‌ಎಂಎಲ್ ಓದುವ ಯಂತ್ರವು ಆ ಕಡತವನ್ನು ಒಪ್ಪದೆ ಅಲ್ಲಿಯೇ ನಿಂತುಬಿಡುತ್ತದೆ. ‘ಬಹುಶಃ ಹೀಗಿರಬೇಕು’ ಎಂದು ಊಹಿಸಿ ಮುಂದೆ ಸಾಗುವ ಸ್ವಾತಂತ್ರ್ಯವನ್ನು ಮಾನಕವು ಅದಕ್ಕೆ ಕೊಟ್ಟಿಲ್ಲ.

ಆದ್ದರಿಂದ ಈ ಕೆಲಸವನ್ನು ‘ಸ್ಕ್ರಿಪ್ಟಿಂಗ್ ಭಾಷೆ’ಗಳಿಗೆ ಒಪ್ಪಿಸಲಾಗುತ್ತದೆ. ಬರೆದ ಕೂಡಲೇ ಓಡಿಸಿ ನೋಡಬಹುದಾದ, ಬೇರೆ ರೂಪಕ್ಕೆ ಮೊದಲೇ ಪರಿವರ್ತಿಸುವ ಗೋಜಿಲ್ಲದ, ಕೆಲವೇ ಸಾಲುಗಳಲ್ಲಿ ದೊಡ್ಡ ಕೆಲಸ ಮಾಡಿಸಬಲ್ಲ ಪ್ರೋಗ್ರಾಮಿಂಗ್ ಭಾಷೆಗಳಿಗೆ ಈ ಹೆಸರು ರೂಢಿಯಾಗಿದೆ. 1987ರ ಪರ್ಲ್, 1991ರ ಪೈಥಾನ್, 1995ರಲ್ಲಿ ಬಂದ ಪಿಎಚ್‌ಪಿ ಮತ್ತು ಜಾವಾಸ್ಕ್ರಿಪ್ಟ್ ಇವುಗಳಲ್ಲಿ ಪ್ರಸಿದ್ಧವಾದವು. ಸಾಹಿತ್ಯದ ವಿದ್ಯಾರ್ಥಿಯೊಬ್ಬ ಕೆಲವು ವಾರಗಳ ಅಭ್ಯಾಸದಿಂದ ಪೈಥಾನ್‌ನಲ್ಲಿ ತನ್ನ ಅಗತ್ಯಕ್ಕೆ ಬೇಕಾದಷ್ಟನ್ನು ಬರೆಯಬಲ್ಲನು. ವಚನಗಳಂತಹ ಆಕರಗಳ ದೃಷ್ಟಿಯಿಂದ ಇದು ಬಹು ದೊಡ್ಡ ಅನುಕೂಲ.

ಪ್ರತಿದಿನವೂ ನಡೆಯುವ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮತ್ತು ಅದರ ಸೋದರ ಯೋಜನೆಯಾದ ವಿಕಿಸೋರ್ಸ್ ಇವೆರಡೂ ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ ನಿಂತಿವೆ. ಅದು ಪಿಎಚ್‌ಪಿಯಲ್ಲಿ ಬರೆದ ತಂತ್ರಾಂಶ. ಅಲ್ಲಿನ ರಫ್ತು ಸೌಲಭ್ಯಕ್ಕೆ ಒಂದು ಪುಟದ ಹೆಸರನ್ನು ಕೊಟ್ಟರೆ ಆ ಗಳಿಗೆಯಲ್ಲಿ ಪುಟದಲ್ಲಿರುವ ಬರಹ, ಅದನ್ನು ಕೊನೆಯಲ್ಲಿ ತಿದ್ದಿದವರ ಹೆಸರು, ತಿದ್ದಿದ ಹೊತ್ತು ಎಲ್ಲವೂ ಟ್ಯಾಗುಗಳೊಳಗೆ ಸೇರಿ ಒಂದು ಎಕ್ಸ್‌ಎಂಎಲ್ ಕಡತವಾಗಿ ಕೈಗೆ ಬರುತ್ತವೆ. ಬೆಳಿಗ್ಗೆ ಕೇಳಿದ ಕಡತಕ್ಕೂ, ನಡುವೆ ಯಾರೋ ಒಂದು ಕಾಗುಣಿತ ತಿದ್ದಿದ್ದರೆ, ಸಂಜೆ ಕೇಳಿದ ಕಡತಕ್ಕೂ ವ್ಯತ್ಯಾಸವಿರುತ್ತದೆ. ಹೀಗೆ ಕೇಳಿದ ಗಳಿಗೆಯಲ್ಲಿಯೇ ಕಡತ ಕಟ್ಟುವುದನ್ನು ‘ಚಲನಶೀಲವಾಗಿ ಕಡತ ರಚಿಸುವುದು’ ಎನ್ನಬಹುದು.

ಕಡತ ಹುಟ್ಟುವ ಬಗೆ

ಇಂತಹ ಕ್ರಮವಿಧಿಯ ಕೆಲಸವನ್ನು ನಾಲ್ಕು ಹೆಜ್ಜೆಗಳಲ್ಲಿ ವಿವರಿಸಬಹುದು. ಮೊದಲನೆಯದು ಓದುವುದು. ವಚನಗಳ ಪಠ್ಯವು ಸಾದಾ ಕಡತದಲ್ಲಿಯೋ, ಸಾಲು ಮತ್ತು ಕಂಬಗಳುಳ್ಳ ಕೋಷ್ಟಕದಲ್ಲಿಯೋ, ದತ್ತಸಂಚಯದಲ್ಲಿಯೋ ಇರುತ್ತದೆ. ಅದರಿಂದ ಒಂದೊಂದೇ ವಚನವನ್ನು ಕ್ರಮವಿಧಿಯು ಎತ್ತಿಕೊಳ್ಳುತ್ತದೆ. ಎರಡನೆಯದು ಆರಿಸುವುದು. ಕೇಳಿದವರ ಷರತ್ತಿಗೆ ಈ ವಚನ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಹೊಂದದಿದ್ದರೆ ಬಿಟ್ಟು ಮುಂದೆ ಸಾಗುತ್ತದೆ.

ಮೂರನೆಯದು ಕಟ್ಟುವುದು, ಇದೇ ಮುಖ್ಯವಾದ ಹೆಜ್ಜೆ. ಕ್ರಮವಿಧಿಯು ಮೊದಲು ‘ವಚನಗಳು’ ಎಂಬ ಬುಡವನ್ನು ನೆಡುತ್ತದೆ. ಆರಿಸಿದ ಪ್ರತಿಯೊಂದು ವಚನಕ್ಕೂ ಒಂದು ಕೊಂಬೆಯನ್ನು, ಆ ಕೊಂಬೆಗೆ ಕರ್ತೃ, ಅಂಕಿತ, ಊರು, ಪಠ್ಯ ಎಂಬ ರೆಂಬೆಗಳನ್ನು ಜೋಡಿಸುತ್ತ ಹೋಗುತ್ತದೆ. ಈ ಮರವು ಗಣಕದ ಸ್ಮೃತಿಯಲ್ಲಿ ಬೆಳೆಯುತ್ತದೆಯಾದ್ದರಿಂದ ಬೇಕಾದಾಗ ಕೊಂಬೆಯನ್ನು ಸರಿಸಲು, ಅಳಿಸಲು, ಹೊಸದಾಗಿ ಸೇರಿಸಲು ಬರುತ್ತದೆ. ನಾಲ್ಕನೆಯದು ಬರೆಯುವುದು. ಬೆಳೆದುನಿಂತ ಮರವನ್ನು ಕ್ರಮವಿಧಿಯು ಬುಡದಿಂದ ತುದಿಯವರೆಗೆ ನಡೆದು ನೋಡುತ್ತ, ತೆರೆಯುವ ಮತ್ತು ಮುಚ್ಚುವ ಟ್ಯಾಗುಗಳೊಡನೆ ಅಕ್ಷರರೂಪಕ್ಕೆ ಇಳಿಸುತ್ತದೆ.

ಇಷ್ಟೆಲ್ಲ ಏಕೆ, ಟ್ಯಾಗನ್ನೂ ಪಠ್ಯವನ್ನೂ ಅಕ್ಷರಗಳಂತೆ ಒಂದರ ಮುಂದೊಂದು ಅಂಟಿಸಿದರೆ ಸಾಲದೆ ಎಂಬ ಪ್ರಶ್ನೆ ಏಳುವುದು ಸಹಜ. ಹತ್ತು ಸಾಲಿನ ಕಡತಕ್ಕೆ ಸಾಲುತ್ತದೆ. ಕಡತ ಬೆಳೆದಂತೆ, ಎಲ್ಲಿ ಯಾವ ಟ್ಯಾಗು ತೆರೆದಿದೆಯೆಂಬ ಲೆಕ್ಕ ಬರೆದವರ ತಲೆಯಲ್ಲಿಯೇ ಉಳಿಯಬೇಕಾಗಿ, ಎಡವುವುದು ಖಂಡಿತವಾಗುತ್ತದೆ. ಮರವನ್ನು ಕಟ್ಟುವ ಪದ್ಧತಿಯಲ್ಲಾದರೋ ತೆರೆದುದನ್ನು ಮುಚ್ಚುವ ಹೊಣೆಯನ್ನು ಭಾಷೆಯ ಸಿದ್ಧ ಉಪಕರಣವೇ ಹೊರುತ್ತದೆ. ಪೈಥಾನ್‌ನ ‘ಎಲಿಮೆಂಟ್‌ಟ್ರೀ’ ಎಂಬ ಉಪಕರಣವು 2006ರಿಂದ ಆ ಭಾಷೆಯ ಜೊತೆಗೇ ಬರುತ್ತಿದ್ದು, ಹೆಸರೇ ಹೇಳುವಂತೆ ಮರ ಕಟ್ಟುವುದೇ ಅದರ ಕಸುಬು.

‘ಸಂಗಯ್ಯ’ ಯಾರ ಅಂಕಿತ?

ಯಂತ್ರಕ್ಕೆ ಒಪ್ಪಿಸಿದ ಮೇಲೂ ತೀರ್ಮಾನದ ಭಾರವು ಬರೆಯುವವರ ಮೇಲೆಯೇ ಉಳಿಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ಹತ್ತಿರದಲ್ಲಿ ನೋಡಬಹುದು. ಕರ್ತೃವಿನ ಹೆಸರಿಲ್ಲದ, ವಚನಗಳು ಮಾತ್ರವಿರುವ ಒಂದು ಕಡತವಿದ್ದು, ಅಂಕಿತವನ್ನು ನೋಡಿ ‘ಕರ್ತೃ’ ಎಂಬ ಟ್ಯಾಗನ್ನು ತುಂಬುವ ಕ್ರಮವಿಧಿಯನ್ನು ಬರೆಯಬೇಕಾಗಿದೆಯೆಂದು ಭಾವಿಸೋಣ. ವಚನದಲ್ಲಿ ‘ಸಂಗಯ್ಯ’ ಎಂದಿದ್ದರೆ ಕರ್ತೃ ನೀಲಾಂಬಿಕೆ, ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣ, ‘ಕೂಡಲಚೆನ್ನಸಂಗಮದೇವ’ ಎಂದಿದ್ದರೆ ಇನ್ನೊಬ್ಬ ವಚನಕಾರ ಚೆನ್ನಬಸವಣ್ಣ ಎಂಬ ಮೂರು ಸೂತ್ರಗಳು ಮೇಲ್ನೋಟಕ್ಕೆ ಸಾಕೆನಿಸುತ್ತವೆ.

ಆದರೆ ಚೆನ್ನಬಸವಣ್ಣನವರ ವಚನಗಳಲ್ಲಿ ಅಂಕಿತವು ‘ಕೂಡಲಚೆನ್ನಸಂಗಯ್ಯ’ ಎಂಬ ರೂಪದಲ್ಲಿಯೂ ಬರುತ್ತದೆ. ಆ ಪದದ ಒಡಲಿನಲ್ಲಿಯೇ ‘ಸಂಗಯ್ಯ’ ಇದೆ. ಅಕ್ಷರಗಳ ಸಾಲನ್ನು ಮಾತ್ರ ಬಲ್ಲ ಯಂತ್ರವು ಮೊದಲ ಸೂತ್ರವನ್ನು ಕಂಡಲ್ಲೆಲ್ಲ ಅನ್ವಯಿಸಿ ಚೆನ್ನಬಸವಣ್ಣನವರ ವಚನಗಳನ್ನೂ ನೀಲಾಂಬಿಕೆಯ ಹೆಸರಿಗೆ ಬರೆದುಬಿಡುತ್ತದೆ. ಹೀಗೆ ಹುಟ್ಟಿದ ಕಡತದಲ್ಲಿ ಟ್ಯಾಗುಗಳೆಲ್ಲ ಸರಿಯಾಗಿ ತೆರೆದು ಸರಿಯಾಗಿ ಮುಚ್ಚಿರುತ್ತವೆಯಾದ್ದರಿಂದ ಯಾವ ಪರೀಕ್ಷೆಯೂ ಅದನ್ನು ತಡೆಯುವುದಿಲ್ಲ. ರೂಪ ನಿರ್ದುಷ್ಟ, ಹುರುಳು ತಪ್ಪು.

ಇದಕ್ಕೆ ಪರಿಹಾರವೂ ಸರಳವೇ ಆಗಿದೆ: ಉದ್ದವಾದ ಅಂಕಿತವನ್ನು ಮೊದಲು ಹುಡುಕಿ, ಅದು ಸಿಗದಿದ್ದರೆ ಮಾತ್ರ ಗಿಡ್ಡ ಅಂಕಿತಕ್ಕೆ ಬರಬೇಕು, ‘ಸಂಗಯ್ಯ’ ಎಂಬುದು ಬಿಡಿಪದವಾಗಿ ನಿಂತಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ವಚನದ ನಡುವೆ ಬಂದುದನ್ನು ಬಿಟ್ಟು ಕೊನೆಯಲ್ಲಿ ಬಂದುದನ್ನೇ ಅಂಕಿತವೆಂದು ಗಣಿಸಬೇಕು. ಇವು ಮೂರೇ ಸಾಲುಗಳ ತಿದ್ದುಪಡಿಯಾದರೂ, ಅವುಗಳನ್ನು ಬರೆಯಲು ಬೇಕಾದುದು ಪೈಥಾನ್ ಭಾಷೆಯ ತಿಳಿವಳಿಕೆಗಿಂತ ಹೆಚ್ಚಾಗಿ ವಚನಗಳ ಒಡನಾಟ. ಅಷ್ಟಾದರೂ ಬಗೆಹರಿಯದ ವಚನಗಳು ಉಳಿಯುತ್ತವೆ. ಅಂಕಿತವೇ ಇಲ್ಲದವು, ಒಂದು ಪ್ರತಿಯಲ್ಲಿ ಒಬ್ಬರ ಹೆಸರಿನಲ್ಲಿದ್ದು ಇನ್ನೊಂದರಲ್ಲಿ ಬೇರೊಬ್ಬರ ಹೆಸರಿನಲ್ಲಿರುವವು ಆ ಸಾಲಿಗೆ ಸೇರುತ್ತವೆ. ಅಂತಹ ಕಡೆ ಟ್ಯಾಗಿಗೆ ಒಂದು ‘ಲಕ್ಷಣ’ವನ್ನು, ಅಂದರೆ ಟ್ಯಾಗಿನ ಹೆಸರಿನ ಪಕ್ಕದಲ್ಲಿ ನಿಲ್ಲುವ ವಿಶೇಷಣವನ್ನು ಸೇರಿಸಿ, <ಕರ್ತೃ ಖಚಿತತೆ="ಅನುಮಾನ"> ಎಂದು ಬರೆಯಲು ಎಕ್ಸ್‌ಎಂಎಲ್ ಅವಕಾಶ ಕೊಡುತ್ತದೆ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ದಾಖಲಿಸುವ ಈ ಸೌಕರ್ಯವು ಅದರ ದೊಡ್ಡ ಗುಣಗಳಲ್ಲೊಂದು.

ಕಣ್ಣಿಗೆ ಬೀಳದ ತೊಡಕುಗಳು

ಕೋನಾವರಣವು ಟ್ಯಾಗಿನ ಆರಂಭವನ್ನು ಸೂಚಿಸುವುದರಿಂದ, ಪಠ್ಯದ ಒಳಗೇ < ಎಂಬ ಚಿಹ್ನೆ ಬಂದರೆ ಓದುವ ಯಂತ್ರ ದಾರಿ ತಪ್ಪುತ್ತದೆ; & ಎಂಬ ಚಿಹ್ನೆಗೂ ಅಲ್ಲಿ ವಿಶೇಷಾರ್ಥವಿದೆ. ಪಠ್ಯದಲ್ಲಿ ಇವು ಬಂದಾಗ ಕ್ರಮವಾಗಿ &#60; ಮತ್ತು &#38; ಎಂಬ ಸಂಕೇತಗಳನ್ನು ಅವುಗಳ ಬದಲಿಗೆ ಬರೆಯಬೇಕು. ಅಂಟಿಸುವ ಪದ್ಧತಿಯಲ್ಲಿ ಬರೆಯುವವರು ಮರೆಯುವುದು ಸಾಮಾನ್ಯವಾಗಿ ಇದನ್ನೇ; ಮರ ಕಟ್ಟುವ ಉಪಕರಣವಾದರೋ ಇದನ್ನು ತಾನೇ ಮಾಡಿಕೊಳ್ಳುತ್ತದೆ.

ಕನ್ನಡಕ್ಕೆ ವಿಶಿಷ್ಟವಾದ ತೊಡಕುಗಳು ಇನ್ನೂ ಸೂಕ್ಷ್ಮವಾದವು. ಯುನಿಕೋಡ್ ಎಂಬ ಜಾಗತಿಕ ಅಕ್ಷರಮಾನಕದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದು, ‘ಕ’ ಅಕ್ಷರದ ಸಂಖ್ಯೆ ಅಲ್ಲಿ 3221. ಆದರೆ ದಶಕಗಳ ಕಾಲ ಕನ್ನಡದ ಅಚ್ಚುಕೆಲಸ ನಡೆದುದು ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ. ಆ ಕಡತಗಳ ಒಳಗಿರುವುದು ರೋಮನ್ ಅಕ್ಷರಗಳ ಸಂಖ್ಯೆಗಳೇ ಹೊರತು ಕನ್ನಡವಲ್ಲ, ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆಯಷ್ಟೆ. ಅಂತಹ ಪಠ್ಯಕ್ಕೆ ಟ್ಯಾಗು ಹಚ್ಚುವ ಮುನ್ನ ಅದನ್ನು ಯುನಿಕೋಡಿಗೆ ತಿರುಗಿಸುವುದು ಅನಿವಾರ್ಯ.

ಯುನಿಕೋಡಿಗೆ ಬಂದ ಮೇಲೂ ಒಂದೇ ರೀತಿ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆ ಬೇರೆಯಾಗಿರಬಹುದು. ‘ಸಾಲೋಟಗಿ’ ಎಂಬಲ್ಲಿನ ‘ಲೋ’ ಅಕ್ಷರವನ್ನು ಓತ್ವದ ಒಂದೇ ಚಿಹ್ನೆಯಿಂದ ಬರೆಯಬಹುದು, ಒತ್ವಕ್ಕೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಸೇರಿಸಿಯೂ ಬರೆಯಬಹುದು. ‘ಬಾಗೇವಾಡಿ’ಯ ‘ಗೇ’ ಅಕ್ಷರಕ್ಕೂ ಇದೇ ಮಾತು ಸಲ್ಲುತ್ತದೆ. ‘ಯರಗಲ್’ ಎಂಬ ಊರಿನ ಹೆಸರಿನ ಕೊನೆಯಲ್ಲಿ, ಕೀಲಿಮಣೆಯ ತಂತ್ರಾಂಶವು ಕಣ್ಣಿಗೆ ಕಾಣದ ‘ಕೂಡಿಸದ ಗುರುತ’ನ್ನು ಸೇರಿಸಿದ್ದರೆ ಅದು ಯಂತ್ರಕ್ಕೆ ಇನ್ನೊಂದು ಊರು. ಇವನ್ನೆಲ್ಲ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ‘ಏಕರೂಪೀಕರಣ’ವೆನ್ನಬಹುದು, ಒಳ್ಳೆಯ ಕ್ರಮವಿಧಿಯಲ್ಲಿ ಅದು ಓದುವ ಹೆಜ್ಜೆಯ ಬೆನ್ನಿಗೇ ಬರುತ್ತದೆ. ಇದನ್ನು ಬಿಟ್ಟರೆ, ಹುಡುಕಿದವರಿಗೆ ಇರುವ ವಚನವೂ ಇಲ್ಲವೆಂಬ ಉತ್ತರ ಸಿಗುತ್ತದೆ. ಗರಿ ಕಳೆದುಹೋದುದಕ್ಕೂ ಇದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲ.

ಸಾಲೋಟಗಿಯ ಕಂಬ, ಹಲಸಂಗಿಯ ಹಾಡು

ಟ್ಯಾಗುಗಳ ಉಪಯೋಗ ವಚನಗಳಿಗೇ ಮುಗಿಯುವುದಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಕಂಬಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ನಾರಾಯಣನೆಂಬ ಮಂತ್ರಿ ಕಟ್ಟಿಸಿದ ಶಾಲೆಯನ್ನೂ, ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಬಿಟ್ಟ 27 ಮನೆಗಳನ್ನೂ ಅದು ಹೇಳುತ್ತದೆ. ಊರಿನ ಹಳೆಯ ಹೆಸರಾದ ‘ಪಾವಿಟ್ಟಗೆ’ಗೆ ಆ ‘ಶಾಲೆ’ಯೇ ಸೇರಿ ಇಂದಿನ ಸಾಲೋಟಗಿಯಾಯಿತು. ಶಾಸನವೆಂದರೆ ಕೆಲವು ಅಕ್ಷರಗಳು ಸವೆದಿರುತ್ತವೆ, ಕೆಲವು ಒಡೆದು ಹೋಗಿರುತ್ತವೆ, ಕೆಲವನ್ನು ವಿದ್ವಾಂಸರು ಊಹಿಸಿ ತುಂಬಿರುತ್ತಾರೆ. ಅಚ್ಚಿನಲ್ಲಿ ಇದನ್ನೆಲ್ಲ ಬಗೆಬಗೆಯ ಆವರಣ ಚಿಹ್ನೆಗಳಿಂದ ತೋರಿಸುವ ರೂಢಿಯಿದೆ. ಶಾಸನಗಳಿಗಾಗಿಯೇ ರೂಪುಗೊಂಡ ‘ಎಪಿಡಾಕ್’ ಎಂಬ ಎಕ್ಸ್‌ಎಂಎಲ್ ಪದ್ಧತಿಯಲ್ಲಾದರೋ ಸವೆದುದಕ್ಕೊಂದು, ಊಹಿಸಿದುದಕ್ಕೊಂದು ಟ್ಯಾಗು ಇರುವುದರಿಂದ, ಕಲ್ಲಿನ ಮೇಲೆ ಕಣ್ಣಾರೆ ಕಂಡುದಷ್ಟನ್ನೇ ತೋರಿಸೆಂದರೆ ಕ್ರಮವಿಧಿ ಊಹೆಯನ್ನೆಲ್ಲ ಬದಿಗಿಟ್ಟು ಹೊಸ ಕಡತವನ್ನು ಕಟ್ಟಿಕೊಡುತ್ತದೆ. ‘ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್’ ಎಂಬ, 1987ರಲ್ಲಿ ಆರಂಭವಾದ ವಿದ್ವಾಂಸರ ಕೂಟದ ಮಾರ್ಗಸೂಚಿಗಳೇ ಈ ಪದ್ಧತಿಗೆ ಆಧಾರ.

ಭೀಮಾತೀರದ ಹಲಸಂಗಿ ಬಹುಕಾಲ ಇಂಡಿ ತಾಲ್ಲೂಕಿಗೆ ಸೇರಿದ್ದ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಬಾಯಿಂದ ಬಾಯಿಗೆ ಸಾಗುವ ಹಾಡಿನಲ್ಲಿ ಒಂದೇ ಸಾಲು ಊರಿಗೊಂದು ಬಗೆಯಾಗಿರುತ್ತದೆ. ಪುಸ್ತಕದ ಪುಟವು ಒಂದು ರೂಪವನ್ನು ಮೇಲೆ ನಿಲ್ಲಿಸಿ ಉಳಿದವನ್ನು ಅಡಿಗೆ ಇಳಿಸಬೇಕಾಗುತ್ತದೆ; ಟ್ಯಾಗು ಹಚ್ಚಿದ ದಾಖಲೆಯಲ್ಲಿ ಪ್ರತಿ ಸಾಲಿಗೂ ‘ಪಾಠಾಂತರ’ವೆಂಬ ರೆಂಬೆಯನ್ನು ಎಷ್ಟು ಬೇಕಾದರೂ ಸೇರಿಸಿ, ಊರಿನ ಹೆಸರನ್ನು ಅದರೊಡನೆ ಕಟ್ಟಿಡಬಹುದು. ಇಂಡಿಯ ಪಾಠ ಬೇಕೆಂದವರಿಗೆ ಇಂಡಿಯದು, ಸಿಂದಗಿಯ ಪಾಠ ಬೇಕೆಂದವರಿಗೆ ಸಿಂದಗಿಯದು ಒಂದೇ ಆಕರದಿಂದ ಹೊರಬರುತ್ತದೆ.

ಒಂದು ಆಕರ, ಹಲವು ರೂಪ

ಈ ಪದ್ಧತಿಯ ಮುಖ್ಯ ಲಾಭವು ಇಲ್ಲಿಯೇ ಇದೆ. ಆಕರವನ್ನು ಒಮ್ಮೆ ಶ್ರದ್ಧೆಯಿಂದ ಗುರುತು ಹಚ್ಚಿ ಇಟ್ಟರೆ, ಅದರಿಂದ ಮೊಬೈಲಿನ ಪುಟ, ಅಚ್ಚಿನ ಪುಸ್ತಕ, ಪದಸೂಚಿ, ಅಂಧರಿಗೆ ಓದಿ ಹೇಳುವ ಪಠ್ಯ ಇವೆಲ್ಲವನ್ನೂ ಕ್ರಮವಿಧಿಗಳು ಕಟ್ಟಬಲ್ಲವು. ಬಸವ ಸಮಿತಿಯು ಕಲಬುರ್ಗಿಯವರ ಸಂಪಾದಕತ್ವದಲ್ಲಿ 2500 ವಚನಗಳನ್ನು ಆರಿಸಿ 23 ಭಾಷೆಗಳಿಗೆ ಅನುವಾದ ಮಾಡಿಸಿದ ಯೋಜನೆಯಂತಹ ಕಡೆ, ಮೂಲವನ್ನೂ ಅನುವಾದವನ್ನೂ ಒಂದೇ ಸಂಖ್ಯೆಯ ಕೆಳಗೆ ಕಟ್ಟಿಟ್ಟರೆ ಬೇಕಾದ ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಕಡತ ಕ್ಷಣದಲ್ಲಿ ಸಿದ್ಧವಾಗಬಲ್ಲದು. ‘ವಚನ ಸಂಚಯ’ವೆಂಬ ಜಾಲತಾಣವು ಒ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ತಂತ್ರಜ್ಞರ ಸಣ್ಣ ತಂಡವೊಂದರಿಂದ ರೂಪುಗೊಂಡು, ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಯಾರು ಬೇಕಾದರೂ ನೋಡುವಂತೆ ಮಾಡಿದ ಮೇಲೆ, ಸಂಶೋಧಕರ ಕಾರ್ಡುಗಳ ಪೆಟ್ಟಿಗೆಗೆ ಮೀಸಲಾಗಿದ್ದ ವಿದ್ಯೆ ಹಳ್ಳಿಯ ಶಾಲೆಯ ಮಕ್ಕಳ ಕೈಗೂ ಎಟುಕುವಂತಾಗಿದೆ.

ಲಾಭದಷ್ಟೇ ದೊಡ್ಡದು ಹೊಣೆ. ಕೈಯಿಂದ ನಕಲು ಮಾಡುವ ಪ್ರತಿಕಾರನು ತಪ್ಪಿದರೆ ಒಂದು ಗರಿ ಕೆಡುತ್ತದೆ. ಕ್ರಮವಿಧಿ ತಪ್ಪಿದರೆ ಅದು ಮುಟ್ಟಿದ ಪ್ರತಿಯೊಂದು ವಚನವೂ ಒಂದೇ ಗಳಿಗೆಯಲ್ಲಿ ಕೆಡುತ್ತದೆ. ಅಂಕಿತವನ್ನು ಬದಲಿಸುವುದು ಎಷ್ಟು ಗುರುತರವಾದ ವಿಷಯವೆಂಬುದನ್ನು ಕರ್ನಾಟಕ ಅಚ್ಚಿನ ಯುಗದಲ್ಲಿಯೇ ಕಂಡಿದೆ. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ದ ಬದಲಿಗೆ ‘ಲಿಂಗದೇವ’ ಎಂಬ ಅಂಕಿತವನ್ನು ಬಳಸಿದುದು ವಿವಾದವಾಗಿ, ರಾಜ್ಯ ಸರ್ಕಾರವು 1998ರಲ್ಲಿ ಆ ಕೃತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟ್ 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಗಣಕದಲ್ಲಿ ಸಾವಿರಾರು ವಚನಗಳ ಅಂಕಿತವನ್ನು ಬದಲಿಸಲು ಒಂದೇ ಸಾಲು ಸಾಕು, ಅದನ್ನು ಅರಿವಿಲ್ಲದೆ ಬರೆಯುವುದೂ ಸಾಧ್ಯ.

ಆಕರವೆಂಬ ರೆಂಬೆ

ಈ ಕಾರಣದಿಂದ ವಚನದ ದಾಖಲೆಯಲ್ಲಿ ಕರ್ತೃ, ಅಂಕಿತ, ಊರು, ಪಠ್ಯ ಎಂಬ ನಾಲ್ಕು ರೆಂಬೆಗಳ ಜೊತೆಗೆ ‘ಆಕರ’ವೆಂಬ ಐದನೆಯದು ಇರಲೇಬೇಕು. ಯಾವ ಸಂಪುಟದ ಯಾವ ಸಂಖ್ಯೆಯ ವಚನ, ಆ ಸಂಪುಟವು ಯಾವ ತಾಡೋಲೆಯನ್ನು ಅನುಸರಿಸಿದೆ, ಕರ್ತೃವನ್ನು ಅಂಕಿತದಿಂದ ತಿಳಿದುದೋ ಪ್ರತಿಯಲ್ಲಿಯೇ ಹೆಸರಿದ್ದುದೋ, ಯಾವ ದಿನ ಯಾವ ಕ್ರಮವಿಧಿ ಈ ಕಡತವನ್ನು ಕಟ್ಟಿತು ಎಂಬ ವಿವರಗಳು ಅದರೊಳಗೆ ಸೇರಬೇಕು. ಇಷ್ಟನ್ನು ಪ್ರತಿಯೊಂದು ವಚನಕ್ಕೂ ಕೈಯಿಂದ ಬರೆಯುವುದು ಕಷ್ಟವೆಂಬ ನೆಪ ಈಗ ಉಳಿದಿಲ್ಲ, ಏಕೆಂದರೆ ಪಠ್ಯವನ್ನು ಕಟ್ಟುವ ಕ್ರಮವಿಧಿಯೇ ಇದನ್ನೂ ಬೇಸರವಿಲ್ಲದೆ ಬರೆಯಬಲ್ಲದು. ಬರೆಯೆಂದು ಅದಕ್ಕೆ ಹೇಳುವ ಮನಸ್ಸು ಮಾತ್ರ ಬೇಕು.

ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರದಲ್ಲಿ ಫ.ಗು. ಹಳಕಟ್ಟಿಯವರ ಸಂಗ್ರಹದ ತಾಡೋಲೆಗಳು ಇಂದಿಗೂ ಇವೆ. ನೂರು ವರ್ಷಗಳ ಬಳಿಕ ಒಬ್ಬ ಓದುಗಾರ್ತಿ ‘ಸಂಗಯ್ಯ’ ಎಂದು ಮುಗಿಯುವ ಒಂದು ವಚನವನ್ನು ಪರದೆಯ ಮೇಲೆ ಕಂಡು, ಇದು ನಿಜವಾಗಿಯೂ ತಂಗಡಗಿಯ ನೀಲಾಂಬಿಕೆಯದೇ ಎಂದು ಕೇಳಿದರೆ, ಕಡತದಿಂದ ಸಂಪುಟಕ್ಕೆ, ಸಂಪುಟದಿಂದ ಗರಿಗೆ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆದು ತನ್ನ ಕಣ್ಣಿನಿಂದಲೇ ನೋಡಿಕೊಳ್ಳುವ ದಾರಿ ಅವಳಿಗೆ ತೆರೆದಿರಬೇಕು. ಆ ದಾರಿಯನ್ನು ತೆರೆದಿಡುವುದು ಇಂದು ‘ಆಕರ’ವೆಂಬ ರೆಂಬೆಯನ್ನು ಖಾಲಿ ಬಿಡದೆ ತುಂಬುವವರ ಕೈಯಲ್ಲಿದೆ.